ಪ್ಲಾಸ್ಟಿಕ್ಕಿನ ಮೃದುತ್ವವೂ ಸಂತಾನದ ಕ್ಷೇಮವೂ

ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ಕು ಸ್ವಭಾವತಃ ಗಡುಸಾದುದು. ನೀರಿನ ಕೊಳವೆಗೆ ಆ ಗಡಸುತನವೇ ಗುಣ. ಮಕ್ಕಳ ಆಟಿಕೆಗೂ ರಕ್ತಸಂಗ್ರಹದ ಚೀಲಕ್ಕೂ ಅದೇ ದೋಷ. ಆದುದರಿಂದ ಥ್ಯಾಲೇಟ್ ಮೊದಲಾದ ಎಣ್ಣೆಯಂತಹ ರಾಸಾಯನಿಕಗಳನ್ನು ಬೆರೆಸಿ ಅದನ್ನು ಬಾಗುವಂತೆ ಮಾಡುತ್ತಾರೆ. ಇವುಗಳಿಗೆ ಮೃದುಕಾರಕಗಳೆಂದು ಹೆಸರು. ಇವು ಪ್ಲಾಸ್ಟಿಕ್ಕಿನೊಡನೆ ರಾಸಾಯನಿಕ ಬಂಧದಿಂದ ಕೂಡಿಕೊಳ್ಳದೆ ಅದರ ನಡುವೆ ತಂಗಿರುವುದರಿಂದ ಕಾಲಕ್ರಮದಲ್ಲಿ ಹೊರಕ್ಕೆ ಜಿನುಗುತ್ತವೆ. ಹೀಗೆ ದೇಹವನ್ನು ಸೇರಿದ ವಸ್ತುವು ಸಂತಾನಕ್ಕೆ ಯಾವ ಕೇಡನ್ನು ತಂದೀತೆಂಬುದು ವಿಜ್ಞಾನಿಗಳ ಮುಂದಿನ ಪ್ರಶ್ನೆಯಾಯಿತು.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅರ್ಲ್ ಗ್ರೇ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗವು ಈ ವಿಷಯದಲ್ಲಿ ಗಮನಾರ್ಹವಾದುದು. ಇಲಿಯ ಗರ್ಭಾವಧಿ ಸುಮಾರು 22 ದಿನಗಳು. ಅದರ ಕೊನೆಯ ವಾರದಲ್ಲಿ ಗಂಡುಭ್ರೂಣದ ವೃಷಣಗಳು ಸ್ರವಿಸುವ ಟೆಸ್ಟೋಸ್ಟಿರಾನ್ ಎಂಬ ಹಾರ್ಮೋನಿನಿಂದಲೇ ಗಂಡುತನದ ಅಂಗಗಳು ರೂಪುಗೊಳ್ಳುತ್ತವೆ. ಈ ಸೂಕ್ಷ್ಮಕಾಲವನ್ನು ಆರಿಸಿಕೊಂಡು, ಗರ್ಭದ 14ನೆಯ ದಿನದಿಂದ ಹೆರಿಗೆಯ ನಂತರದ 3ನೆಯ ದಿನದವರೆಗೆ, ಈ ಜಾತಿಯ ಆರು ರಾಸಾಯನಿಕಗಳನ್ನು ಗುಂಪಿಗೊಂದರಂತೆ ತಾಯಿ ಇಲಿಗಳಿಗೆ ಕುಡಿಸಲಾಯಿತು. ಪ್ರಮಾಣವು ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 750 ಮಿಲಿಗ್ರಾಂ. ಹೋಲಿಕೆಯ ಗುಂಪಿಗೆ ಕೊಟ್ಟುದು ಬರಿಯ ಎಣ್ಣೆ.

ತಾಯಿ ಇಲಿಗಳಲ್ಲಿ ಎದ್ದುಕಾಣುವ ವಿಷಲಕ್ಷಣಗಳು ತೋರಲಿಲ್ಲ. ಹುಟ್ಟಿದ ಮರಿಗಳ ಸಂಖ್ಯೆಯೂ ತಗ್ಗಲಿಲ್ಲ. ಪರೀಕ್ಷೆಯು ಎಣಿಕೆಗೇ ನಿಂತಿದ್ದರೆ ಆರೂ ನಿರಪಾಯಕರವೆಂಬ ತೀರ್ಮಾನಕ್ಕೆ ಎಡೆಯಾಗುತ್ತಿತ್ತು. ಆದರೆ ಮರಿಗಳ ಅಂಗಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ ನಿಜಸ್ಥಿತಿ ಹೊರಬಿದ್ದಿತು. ಗಂಡು ಇಲಿಮರಿಗೆ ಸಹಜವಾಗಿ ಮೊಲೆತೊಟ್ಟಿನ ಗುರುತು ಉಳಿಯುವುದಿಲ್ಲ. ಡಿ.ಇ.ಎಚ್.ಪಿ. ಗುಂಪಿನ ಗಂಡುಮರಿಗಳಲ್ಲಿ ಶೇಕಡಾ 87, ಬಿ.ಬಿ.ಪಿ. ಗುಂಪಿನಲ್ಲಿ 70, ಡಿ.ಐ.ಎನ್.ಪಿ. ಗುಂಪಿನಲ್ಲಿ 22ರಷ್ಟಕ್ಕೆ ಆ ಗುರುತು ಇದ್ದಿತು. ಮುಂದೆ ಬೆಳೆದಾಗ ಜನನಾಂಗಗಳ ವಿಕಾರಗಳೂ ಕಂಡುಬಂದವು. ಉಳಿದ ಮೂರರಿಂದ ಇಂತಹ ಪರಿಣಾಮವಾಗಲಿಲ್ಲ.

ಆ ಮೂರರಲ್ಲಿ ಒಂದಾದ ಡಿ.ಒ.ಟಿ.ಪಿ.ಗೂ ಡಿ.ಇ.ಎಚ್.ಪಿ.ಗೂ ಅಣುಸೂತ್ರ ಒಂದೇ. ಬೆಂಜೀನ್ ಉಂಗುರದ ಮೇಲೆ ಎರಡು ಕವಲುಗಳು ಡಿ.ಇ.ಎಚ್.ಪಿ.ಯಲ್ಲಿ ಪಕ್ಕಪಕ್ಕದಲ್ಲಿವೆ, ಡಿ.ಒ.ಟಿ.ಪಿ.ಯಲ್ಲಿ ಎದುರುಬದುರಾಗಿವೆ, ಭೇದವಿಷ್ಟೆ. ಅವೇ ಎರಡು ಅಕ್ಷರಗಳು ಸ್ಥಾನ ಬದಲಿಸಿದರೆ ‘ಸರ’ವು ‘ರಸ’ವಾಗಿ ಅರ್ಥವೇ ಬೇರೆಯಾಗುವಂತೆ, ಇಲ್ಲಿಯೂ ಸ್ಥಾನಭೇದದಿಂದ ಗುಣಭೇದವುಂಟಾಯಿತು.

ಇಲಿಗೆ ಸಂಭವಿಸಿದುದೆಲ್ಲವೂ ಮನುಷ್ಯನಿಗೆ ಸಂಭವಿಸುವುದೆಂದು ಹೇಳಲಾಗದು. ಇಲ್ಲಿ ಕೊಟ್ಟ ಪ್ರಮಾಣವು ಮನುಷ್ಯರ ನಿತ್ಯಜೀವನದಲ್ಲಿ ದೇಹ ಸೇರುವುದಕ್ಕಿಂತ ಬಹುಪಾಲು ಹೆಚ್ಚು. ಆದರೂ ಗರ್ಭಸ್ಥ ಶಿಶುವಿನ ಮೇಲೆ ಪ್ರಯೋಗ ನಡೆಸಿ ನೋಡುವುದು ಅಧರ್ಮವಾದುದರಿಂದ ಇಲಿಯ ಸಾಕ್ಷ್ಯವನ್ನು ಕಡೆಗಣಿಸುವಂತಿಲ್ಲ. ಈ ವಿವೇಕದಿಂದಲೇ ಐರೋಪ್ಯ ಒಕ್ಕೂಟವು 2005ರಲ್ಲಿಯೂ ಅಮೆರಿಕವು 2008ರಲ್ಲಿಯೂ ಮಕ್ಕಳ ಆಟಿಕೆಗಳಲ್ಲಿ ಡಿ.ಇ.ಎಚ್.ಪಿ., ಡಿ.ಬಿ.ಪಿ. ಮತ್ತು ಬಿ.ಬಿ.ಪಿ.ಗಳು ಶೇಕಡಾ 0.1ನ್ನು ಮೀರಕೂಡದೆಂದು ಶಾಸನ ಮಾಡಿದವು. ರಕ್ತದ ಚೀಲದ ವಿಚಾರ ಬೇರೆ. ಡಿ.ಇ.ಎಚ್.ಪಿ. ಕೆಂಪು ರಕ್ತಕಣಗಳು ಕೆಡದಂತೆ ಕಾಪಾಡುವುದರಿಂದ, ಅಲ್ಲಿ ಉಪಕಾರ ಅಪಾಯಗಳೆರಡನ್ನೂ ತೂಗಿ ನೋಡಬೇಕಾಗುತ್ತದೆ.

ಯಾವ ವಸ್ತು, ಎಷ್ಟು ಪ್ರಮಾಣದಲ್ಲಿ, ಜೀವದ ಯಾವ ಹೊತ್ತಿನಲ್ಲಿ ಎಂಬ ಮೂರನ್ನೂ ವಿಚಾರಿಸದೆ ‘ವಿಷ’ವೆಂದು ಹೆದರಿಸುವುದಾಗಲಿ ‘ನಿರಪಾಯ’ವೆಂದು ನಂಬಿಸುವುದಾಗಲಿ ಸಲ್ಲದೆಂಬುದನ್ನು ವಿದ್ಯಾರ್ಥಿಗಳು ಈ ಪ್ರಯೋಗದಿಂದ ಅರಿಯತಕ್ಕುದು.