ಪಪ್ಪಾಯಿ ಸಸಿ ಮಾರೋವಾಗ ಒಂದರ ಬದಲು ಮೂರು ಕೊಡಿ

ಹಿತ್ತಲ ನರ್ಸರಿಗೆ ಪಪ್ಪಾಯಿ ಸಸಿ ಸುಲಭ, ಬೀಜ ಪುಕ್ಕಟೆ ಸಿಗುತ್ತೆ ನೋಡಿ. ಬೀಜದ ಮೇಲಿನ ಲೋಳೆಯನ್ನು ಬೂದಿ ಹಾಕಿ ಉಜ್ಜಿ ತೆಗೆದು, ನೆರಳಲ್ಲಿ ಒಣಗಿಸಿ ಬಿತ್ತಿ. ನೀರು ಹೆಚ್ಚಾದರೆ ಬುಡ ಕೊಳೆಯುತ್ತೆ. ಎರಡು ತಿಂಗಳಿಗೆ ಗೇಣುದ್ದದ ಸಸಿ ಸಿದ್ಧ.

ಆದರೆ ನಾಟಿ ಪಪ್ಪಾಯಿಯಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಹೂ ಬರೋ ತನಕ ಗೊತ್ತಾಗಲ್ಲ. ಪಕ್ಕದ ಮನೆಯವರಿಗೆ ಒಂದೇ ಸಸಿ ಕೊಟ್ಟು ಅದು ಗಂಡಾದರೆ, ಅವರು ಮತ್ತೆ ನಮ್ಮ ಹತ್ರ ಗಿಡ ಕೊಳ್ಳಲ್ಲ. ಅದಕ್ಕೇ ನಾನು ಒಂದರ ದುಡ್ಡಿಗೆ ಮೂರು ಸಸಿ ಕೊಡ್ತೀನಿ, ಮೂರನ್ನೂ ಒಂದೇ ಗುಂಡಿಗೆ ನೆಡೋಕೆ. ಹೂ ಬಂದಾಗ ನಾನೇ ಹೋಗಿ ನೋಡ್ತೀನಿ: ಉದ್ದ ತೊಟ್ಟಿನಲ್ಲಿ ಗೊಂಚಲಾಗಿ ಜೋತಾಡಿದರೆ ಗಂಡು, ಕಾಂಡಕ್ಕಂಟಿ ದಪ್ಪ ಮೊಗ್ಗಿದ್ದರೆ ಹೆಣ್ಣು. ಹೆಣ್ಣು ಒಂದನ್ನು ಉಳಿಸಿ ಬೇರೆಯದನ್ನು ಕೀಳೋದು. ಹತ್ತು ಹೆಣ್ಣಿಗೆ ಒಂದು ಗಂಡು ಬೇಕಲ್ಲ, ಅದನ್ನು ನನ್ನ ಹಿತ್ತಲಲ್ಲೇ ಬಿಟ್ಟುಕೊಂಡಿದ್ದೀನಿ.