ಕಾರ್ಡು ಕೊಳ್ಳುವ ಮೊದಲು ಡಬ್ಬ ಬಿಚ್ಚಿ

ಒಂಟಾರಿಯೊದ ಅಂಗಡಿಗಳಲ್ಲಿ ಬೆಲೆಚೀಟಿ ಹೇಳುವುದು ಅರ್ಧ ಸತ್ಯ. 500 ಡಾಲರ್ ಎಂದು ಬರೆದ ಗ್ರಾಫಿಕ್ಸ್ ಕಾರ್ಡು ಕೌಂಟರಿಗೆ ಬರುವಷ್ಟರಲ್ಲಿ 13% ಮಾರಾಟ ತೆರಿಗೆ (ಎಚ್‌ಎಸ್‌ಟಿ) ಸೇರಿ 565 ಆಗಿರುತ್ತದೆ. ಅದರ ಬೆನ್ನಿಗೇ ಪವರ್ ಸಪ್ಲೈ ಸಾಲದು, ಮಾನಿಟರ್ ಹಳೇದಾಯಿತು ಎಂಬ ಬೇಡಿಕೆಗಳು ಸಾಲುಗಟ್ಟುತ್ತವೆ. ಹೈಸ್ಕೂಲಿನಲ್ಲಿರುವ ಮಗ ‘ಅಪ್ಪಾ, ಬಜೆಟ್ ಕಾರ್ಡ್ ಸಾಕು’ ಅಂದಾಗ ನಾನು ಕೇಳಿದ್ದು ಇಷ್ಟೇ: ಬಜೆಟ್ ಕಾರ್ಡಿಗೋ, ಇಡೀ ಕಂಪ್ಯೂಟರಿಗೋ?

ಉತ್ತರ ಹುಡುಕಲು ಮಿಸಿಸಾಗಾದ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಅವನ ಕಂಪ್ಯೂಟರಿನ ಪಕ್ಕದ ಮುಚ್ಚಳ ಬಿಚ್ಚಿದೆವು. ಪವರ್ ಸಪ್ಲೈ ಮೇಲಿನ ಚೀಟಿಯಲ್ಲಿ 450 ವಾಟ್ ಎಂದಿತ್ತು. ಕಾರ್ಡಿಗೆ ಕೊಡಲು 8 ಪಿನ್ನಿನ ಕೇಬಲ್ ಒಂದೇ ಒಂದು, ಅದೂ ಧೂಳಿನಲ್ಲಿ ಸುತ್ತಿಕೊಂಡು ಮೂಲೆಯಲ್ಲಿ ಬಿದ್ದಿತ್ತು. ಅವನಮ್ಮನ ಹೊಲಿಗೆ ಟೇಪು ತಂದು ಸ್ಲಾಟಿನಿಂದ ಹಾರ್ಡ್ ಡಿಸ್ಕಿನ ಗೂಡಿನವರೆಗೆ ಅಳೆದರೆ ಸಿಕ್ಕಿದ್ದು 24 ಸೆಂಟಿಮೀಟರ್. ಅಲ್ಲಿಗೆ ಮೂರು ಫ್ಯಾನಿನ ಉದ್ದನೆಯ ಕಾರ್ಡುಗಳೆಲ್ಲ ಪಟ್ಟಿಯಿಂದ ಹೊರಬಿದ್ದವು. ಪ್ರೊಸೆಸರ್ ರೈಜೆನ್ 5 3600, 2019ರದ್ದು. ಮಾನಿಟರ್ 1080ಪಿ. ಆಡುವುದು ಹೆಚ್ಚಾಗಿ ಫೋರ್ಟ್‌ನೈಟ್, ಮೈನ್‌ಕ್ರಾಫ್ಟ್, ಕೌಂಟರ್-ಸ್ಟ್ರೈಕ್. ಇಷ್ಟನ್ನು ಒಂದು ಕಾಗದದಲ್ಲಿ ಬರೆದುಕೊಂಡ ಮೇಲೆ ಯೂಟ್ಯೂಬಿನ ವಿಮರ್ಶೆಗಳಲ್ಲಿ ಮುಕ್ಕಾಲು ಪಾಲು ನಮಗೆ ಸಂಬಂಧವಿಲ್ಲದವು ಎಂದು ಗೊತ್ತಾಯಿತು. ದೊಡ್ಡ ಕಾರ್ಡು ಹಾಕಿದರೂ ನಮ್ಮ 60 ಹರ್ಟ್ಸ್ ಪರದೆ ಸೆಕೆಂಡಿಗೆ 60 ಚಿತ್ರಕ್ಕಿಂತ ಹೆಚ್ಚು ತೋರಿಸುವುದಿಲ್ಲ. ಮಿಕ್ಕಿದ್ದು ನಾವು ದುಡ್ಡು ಕೊಟ್ಟು ಕೊಂಡೂ ಕಾಣದ ಚಿತ್ರಗಳು.

ಇನ್ನು ಮಾರುಕಟ್ಟೆ. ಅಗ್ಗದ ಸಾಲಿನಲ್ಲಿ ಈಗ ಗಮನಿಸಬೇಕಾದ್ದು ಕಾರ್ಡಿನ ಸ್ವಂತ ಮೆಮೊರಿ. 2025ರಲ್ಲಿ ಬಂದ ಎನ್‌ವಿಡಿಯಾದ ಆರ್‌ಟಿಎಕ್ಸ್ 5060 ಟಿಐ, ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ, ಎರಡೂ 8 ಮತ್ತು 16 ಜಿಬಿಯಲ್ಲಿ ಸಿಗುತ್ತವೆ. ಪೆಟ್ಟಿಗೆಯ ಮೇಲಿನ ಹೆಸರು ಮಾತ್ರ ಒಂದೇ. ಬಿಡುಗಡೆಯ ಹೊತ್ತಿಗೆ 8 ಮತ್ತು 16 ಜಿಬಿಯ ನಡುವಿನ ಬೆಲೆಯ ಅಂತರ 50 ಅಮೆರಿಕನ್ ಡಾಲರ್. ಹೊಸ ಕಾರ್ಡೇ ಬೇಕು, ನಾಲ್ಕೈದು ವರ್ಷ ಬಾಳಬೇಕು ಅನ್ನುವವರು ಆ 50 ಡಾಲರಿಗೆ ಲೆಕ್ಕ ನೋಡಬಾರದು. 8 ಜಿಬಿ ತುಂಬಿಹೋದಾಗ ಕಾರ್ಡು ಮದರ್‌ಬೋರ್ಡಿನ ದಾರಿಯಲ್ಲಿ ಕಂಪ್ಯೂಟರಿನ ಮೆಮೊರಿಗೆ ಕೈಚಾಚುತ್ತದೆ. 5060 ಟಿಐಗೆ ಆ ದಾರಿಯಲ್ಲಿ ಇರುವುದು ಎಂಟೇ ಲೇನು. ಹಳೆಯ ಬೋರ್ಡಾದರೆ ಅದೂ ನಿಧಾನ, ಆಟ ಅಲ್ಲಲ್ಲಿ ತಡವರಿಸುತ್ತದೆ. 2024ರ ಡಿಸೆಂಬರಿನಲ್ಲಿ 249 ಅಮೆರಿಕನ್ ಡಾಲರಿಗೆ ಬಂದ ಇಂಟೆಲ್ ಆರ್ಕ್ ಬಿ580ರಲ್ಲಿ 12 ಜಿಬಿ ಇದೆ, ನೋಡಲು ಸೊಗಸಾದ ವ್ಯಾಪಾರ. ಆದರೆ ಮದರ್‌ಬೋರ್ಡಿನಲ್ಲಿ ರಿಸೈಜಬಲ್ ಬಾರ್ ಎಂಬ ಸೌಲಭ್ಯ ಇಲ್ಲದಿದ್ದರೆ ಅದು ಕುಂಟುತ್ತದೆ. ಹಳೆಯ ಪ್ರೊಸೆಸರ್ ಜೊತೆಗೂ ಅದರ ಜೋಡಿ ಅಷ್ಟಾಗಿ ಕೂಡಿಬರದು. ಅಗ್ಗದ ಕಾರ್ಡು ಹುಡುಕುವವರ ಮನೆಯಲ್ಲಿ ಇರುವುದೇ ಹಳೆಯ ಕಂಪ್ಯೂಟರು.

ಮಗನಿಗೆ ಎಎಂಡಿ ಮೇಲೆ ಊರಿನ ಅಭಿಮಾನ. ಅದಕ್ಕೆ ಕಾರಣವೂ ಇದೆ. ರೇಡಿಯಾನ್ ಕಾರ್ಡುಗಳನ್ನು ಹುಟ್ಟಿಸಿದ ಎಟಿಐ ಕಂಪನಿ 1985ರಲ್ಲಿ ಶುರುವಾಗಿ ಬೆಳೆದದ್ದು ಇಲ್ಲೇ, ಒಂಟಾರಿಯೊದ ಮಾರ್ಕಮ್‌ನಲ್ಲಿ. 2006ರಲ್ಲಿ ಎಎಂಡಿ ಅದನ್ನು ಕೊಂಡಿತು. ಮಾರ್ಕಮ್‌ನಲ್ಲಿ ಇವತ್ತಿಗೂ ಎಎಂಡಿಯ ದೊಡ್ಡ ಕಚೇರಿ ಇದೆ. ‘ಹಾಗಾದ್ರೆ ನಮಗೆ ಕಡಿಮೆಗೆ ಸಿಗಬೇಕಲ್ವಾ?’ ಅಂದ. ಸಿಗುವುದಿಲ್ಲ. ಚಿಪ್ ತಯಾರಾಗುವುದು ತೈವಾನಿನಲ್ಲಿ, ಬೆಲೆ ಕಟ್ಟುವುದು ಅಮೆರಿಕನ್ ಡಾಲರಿನಲ್ಲಿ. ಕೆನಡಾದ ಡಾಲರ್ ಬಿದ್ದಾಗಲೆಲ್ಲ ಮಾರ್ಕಮ್‌ನವರ ಕಾರ್ಡೂ ಮಾರ್ಕಮ್‌ನವರಿಗೇ ತುಟ್ಟಿ.

ತೆರಿಗೆ ತಪ್ಪಿಸುವ ದಾರಿಗಳ ಬಗ್ಗೆಯೂ ನಮ್ಮವರ ಪಾಟ್‌ಲಕ್‌ಗಳಲ್ಲಿ ಧಾರಾಳವಾಗಿ ಸಲಹೆ ಸಿಗುತ್ತದೆ. ಗಡಿಯಾಚೆ ಅಮೆರಿಕದ ಬಫಲೋಗೆ ಹೋಗಿ ತನ್ನಿ ಅನ್ನುತ್ತಾರೆ. ಅಲ್ಲಿನ ಮಾರಾಟ ತೆರಿಗೆ 8.75%. ಒಂದೇ ದಿನದಲ್ಲಿ ಹೋಗಿ ಬಂದರೆ ಗಡಿಯಲ್ಲಿ ವಿನಾಯಿತಿಯೇ ಇಲ್ಲ, ಇಲ್ಲಿನ 13% ಅಲ್ಲಿಯೇ ಕಟ್ಟಬೇಕು. 800 ಡಾಲರ್ ವಿನಾಯಿತಿ ಸಿಗಲು 48 ಗಂಟೆ ಆಚೆ ಇರಬೇಕು. ಉಳಿಸಿದ್ದೆಲ್ಲ ಹೋಟೆಲಿಗೆ ಹೋಯಿತು. 2024ರ ಡಿಸೆಂಬರ್ 14ರಿಂದ ಎರಡು ತಿಂಗಳು ಸರ್ಕಾರ ಕೊಟ್ಟ ತೆರಿಗೆ ರಜೆಯೂ ಕಂಪ್ಯೂಟರಿನವರಿಗೆ ದಕ್ಕಲಿಲ್ಲ. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ಗಳಿಗೆ ತೆರಿಗೆ ಮಾಫಿ, ಗ್ರಾಫಿಕ್ಸ್ ಕಾರ್ಡಿಗೆ ಎಂದಿನಂತೆ 13%.

ಗಡಿ ದಾಟದೆ, ಕಾನೂನುಬದ್ಧವಾಗಿ ಆ ತೆರಿಗೆ ಇಲ್ಲದ ದಾರಿ ಒಂದೇ, ಖಾಸಗಿ ವ್ಯಕ್ತಿಯಿಂದ ಸೆಕೆಂಡ್ ಹ್ಯಾಂಡ್ ಕೊಳ್ಳುವುದು. ಕಿಜಿಜಿಯಲ್ಲೂ ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲೂ ಕಣ್ಣಿಟ್ಟು, ಬ್ರಾಂಪ್ಟನ್ನಿನ ಒಬ್ಬರಲ್ಲಿ ಆರ್‌ಎಕ್ಸ್ 6600 ಹಿಡಿದೆವು: 8 ಜಿಬಿ, 132 ವಾಟ್, ಎರಡು ಫ್ಯಾನು, 8 ಪಿನ್ನಿನ ಒಂದೇ ಕೇಬಲ್. ಕೈಗೆ 200 ಡಾಲರ್. ಅಪಾರ್ಟ್‌ಮೆಂಟಿನ ಲಾಬಿಯಲ್ಲಿ ಡಬ್ಬ ಕೈಬದಲಾಯಿಸುವ ಮಾತಿಗೆ ನಾನು ಒಪ್ಪಲಿಲ್ಲ. ಅವರ ಕಂಪ್ಯೂಟರಿನಲ್ಲೇ ಒಂದು ಆಟ ಓಡಿಸಿ ತೋರಿಸಿ ಅಂದೆ. ಮಗ ಪರದೆ ನೋಡುತ್ತಿದ್ದ, ನಾನು ಫ್ಯಾನಿನ ಸದ್ದಿಗೆ ಕಿವಿಗೊಟ್ಟಿದ್ದೆ. ಕರಕರ ಇಲ್ಲ, ಬಿಸಿಯೂ ಹದವಾಗಿತ್ತು. ಕಾರ್ಡಿನ ಸೀರಿಯಲ್ ನಂಬರನ್ನೂ ರಸೀದಿಯನ್ನೂ ತಾಳೆ ನೋಡಿ ದುಡ್ಡು ಎಣಿಸಿದೆ. ಇಥೀರಿಯಂ ಎಂಬ ಕ್ರಿಪ್ಟೊ ನಾಣ್ಯ 2022ರ ಸೆಪ್ಟೆಂಬರಿನಲ್ಲಿ ಮೈನಿಂಗ್ (ಗ್ರಾಫಿಕ್ಸ್ ಕಾರ್ಡು ದುಡಿಸಿ ನಾಣ್ಯ ಗಳಿಸುವುದು) ನಿಲ್ಲಿಸಿದ ಮೇಲೆ ಹಗಲಿರುಳು ದುಡಿದ ಕಾರ್ಡುಗಳು ರಾಶಿರಾಶಿಯಾಗಿ ಸಂತೆಗೆ ಬಂದವು. ಅಂಥವುಗಳಲ್ಲಿ ಮೊದಲು ಸವೆಯುವುದು ಫ್ಯಾನು. ಅದಕ್ಕೇ ಈ ಕಿವಿಗೊಡುವ ಶಾಸ್ತ್ರ.

ಕರೆಂಟ್ ಬಿಲ್ಲಿನ ಭಯ ಬೇಡ. ಒಂದು ಕಾರ್ಡು ಇನ್ನೊಂದಕ್ಕಿಂತ 60 ವಾಟ್ ಹೆಚ್ಚು ತಿಂದರೂ, ದಿನಕ್ಕೆ ಎರಡು ಗಂಟೆ ಆಡಿದರೆ ವರ್ಷಕ್ಕೆ ಸುಮಾರು 44 ಯೂನಿಟ್. ರಾತ್ರಿ 7ರ ನಂತರದ ದರ ಯೂನಿಟ್ಟಿಗೆ 10 ಸೆಂಟ್ ಎಂದು ಹಿಡಿದರೆ ನಾಲ್ಕೂವರೆ ಡಾಲರ್. ಎರಡು ಕಾಫಿಯ ದುಡ್ಡಿಗೆ ಕಾರ್ಡು ಬದಲಾಯಿಸುವುದು ಬೇಡ.

ಈಗ ನಿಜವಾದ ಲೆಕ್ಕಕ್ಕೆ ಬರೋಣ. 565 ಡಾಲರಿನ ಹೊಸ ಕಾರ್ಡು ಐದು ವರ್ಷ ಬಾಳಿ ಕೊನೆಗೆ 140ಕ್ಕೆ ಹೋದರೆ ವರ್ಷಕ್ಕೆ ಬೀಳುವುದು 85. ನಮ್ಮ 200ರ ಕಾರ್ಡು ಎರಡು ವರ್ಷ ಬಾಳಿ 80ಕ್ಕೆ ಹೋದರೆ ವರ್ಷಕ್ಕೆ 60. ಅಂತರ ಅಂಥ ದೊಡ್ಡದಲ್ಲ, ಹೊಸದರ ಜೊತೆ ವಾರಂಟಿಯ ನೆಮ್ಮದಿಯೂ ಬರುತ್ತದೆ. ಹಾಗಾಗಿ ಮಾನಿಟರ್, ಪವರ್ ಸಪ್ಲೈ ಎರಡೂ ಚೆನ್ನಾಗಿರುವವರು ಹೊಸದನ್ನು ಕೊಂಡರೆ ನಾನು ತಪ್ಪೆನ್ನಲಾರೆ. ನಮ್ಮದು ಹಾಗಿರಲಿಲ್ಲ. ಹೊಸ ಕಾರ್ಡು ತಂದರೆ ಪರದೆಯನ್ನೂ ಬದಲಿಸಬೇಕು, ಇಲ್ಲದಿದ್ದರೆ ಅದರ ಶಕ್ತಿ ಕಾಣದು. ಆಗ 565 ಕೂಡ ಬರೀ ಮುಂಗಡ.

ಕೈಯಲ್ಲುಳಿದ 365 ಡಾಲರನ್ನು ಮಗನ ಆರ್‌ಇಎಸ್‌ಪಿಗೆ ಹಾಕಿದೆವು. ಮಕ್ಕಳ ಓದಿಗೆಂದು ಹಾಕುವ ಈ ಉಳಿತಾಯಕ್ಕೆ ವರ್ಷಕ್ಕೆ 2,500 ಡಾಲರಿನವರೆಗೆ ಕೇಂದ್ರ ಸರ್ಕಾರ 20% ಸೇರಿಸುತ್ತದೆ. ನಮಗೆ ಆ ವರ್ಷದ ಮಿತಿ ಇನ್ನೂ ತುಂಬಿರಲಿಲ್ಲ, 73 ಡಾಲರ್ ಸೇರಿತು. ಯಾವ ಅಂಗಡಿಯ ಬ್ಲ್ಯಾಕ್ ಫ್ರೈಡೇ ರಿಯಾಯಿತಿಯೂ ಇಷ್ಟು ಖಾತ್ರಿಯಾಗಿ 20% ಕೊಡುವುದಿಲ್ಲ. ಕಾರ್ಡು ಮಾತ್ರ ಪೂರ್ತಿ ಮಗನ ವಶ: ಅದನ್ನು ಯಾವಾಗ ಮಾರಬೇಕು, ಎಷ್ಟಕ್ಕೆ ಮಾರಬೇಕು, ಮುಂದಿನದಕ್ಕೆ ಎಷ್ಟು ಕೂಡಿಸಬೇಕು ಎಂಬುದೆಲ್ಲ ಅವನ ತೀರ್ಮಾನ. ಈಗ 6600ರ ಸೆಕೆಂಡ್ ಹ್ಯಾಂಡ್ ದರ ಎಷ್ಟು ಇಳಿದಿದೆ ಎಂದು ನನಗೆ ವರದಿ ಒಪ್ಪಿಸುವವನು ಅವನೇ.