ಶಿಲಾಚೂರ್ಣದ ಸಾಕ್ಷ್ಯ

ಆಡುಮಾತಿನಲ್ಲಿ ಅನುಮಾನವೆಂದರೆ ಸಂದೇಹ. ತರ್ಕಶಾಸ್ತ್ರದಲ್ಲಾದರೋ ಅದೊಂದು ಪ್ರಮಾಣ. ಬೆಟ್ಟದ ಮೇಲಣ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ಅರಿಯುವುದು ಅದಕ್ಕೆ ಪ್ರಾಚೀನರು ಕೊಟ್ಟ ನಿದರ್ಶನ. ಕಣ್ಣಿಗೆ ಕಾಣದ ನೆಲದಾಳವನ್ನು ತಿಳಿಯುವುದಕ್ಕೆ ಈ ಪ್ರಮಾಣವನ್ನು ಹಗಲಿರುಳೂ ಆಶ್ರಯಿಸುವವರು ತೈಲಬಾವಿಯನ್ನು ಕೊರೆಯಿಸುವ ಭೂವಿಜ್ಞಾನಿಗಳು.

ಪೆಟ್ರೋಲಿಯಂ ಎಂಬ ಪದವನ್ನು ಬಿಡಿಸಿದರೆ 'ಪೆಟ್ರ' ಎಂದರೆ ಶಿಲೆ, 'ಓಲಿಯಂ' ಎಂದರೆ ತೈಲ, ಅಂದರೆ ಶಿಲಾತೈಲ. ಅದನ್ನು ಅರಸುವಾಗ ಜೇಡಿಮಣ್ಣು, ನೀರು ಹಾಗೂ ಭಾರವಾದ ಖನಿಜಪುಡಿ ಬೆರೆತ ಕೆಸರನ್ನು ಪೊಳ್ಳು ಕೊಳವೆಯ ಮೂಲಕ ಒತ್ತಿ ಕೆಳಗಿಳಿಸುವರು. ಅದು ಬೈರಿಗೆಯ ಮೊನೆಯನ್ನು ತಂಪುಗೊಳಿಸಿ, ಕೊಳವೆಗೂ ಬಾವಿಯ ಗೋಡೆಗೂ ನಡುವಣ ತೆರವಿನಲ್ಲಿ ಶಿಲೆಯ ಚೂರುಗಳನ್ನು ಹೊತ್ತು ಮೇಲೇರುವುದು. ಅದುರುವ ಜರಡಿಯಲ್ಲಿ ಉಳಿದ ಚೂರುಗಳನ್ನು ತೊಳೆದು, ಸೂಕ್ಷ್ಮದರ್ಶಕದಲ್ಲಿಟ್ಟು, ಮರಳುಗಲ್ಲೋ ಸುಣ್ಣಕಲ್ಲೋ ಜೇಡಿಕಲ್ಲೋ ಎಂದು ನಿರ್ಣಯಿಸುವರು. ಕೆಸರನ್ನು ಕಡೆದು ಅದರೊಳಗಣ ಅನಿಲವನ್ನು ಬಿಡಿಸಿ, ಮೀಥೇನ್, ಈಥೇನ್, ಪ್ರೊಪೇನ್ ಮೊದಲಾದವುಗಳ ಪ್ರಮಾಣವನ್ನು ಯಂತ್ರದಿಂದ ಅಳೆಯುವರು. ಬಹುಪಾಲು ಮೀಥೇನೇ ಆಗಿದ್ದರೆ ಆಳದಲ್ಲಿರುವುದು ಬರಿಯ ಅನಿಲವಿರಬಹುದು. ಭಾರದ ಅನಿಲಗಳ ಪಾಲು ಹೆಚ್ಚಿದರೆ ತೈಲದ ಸಂಭವವುಂಟು. ಅನಿಲದ ಮಟ್ಟವು ಏರುತ್ತಲೇ ಹೋದರೆ ಅದು ಎಚ್ಚರಿಕೆಯೂ ಹೌದು. ಕೆಸರಿನ ಭಾರ ಸಾಲದೆ ಬಾವಿಯೇ ಸಿಡಿಯಬಹುದು.

ಇಲ್ಲಿ ಕಾಲಗಣನೆ ಮುಖ್ಯವಾದುದು. 2000 ಮೀಟರ್ ಆಳದಿಂದ ಕೆಸರು ನಿಮಿಷಕ್ಕೆ 40 ಮೀಟರಿನಂತೆ ಏರುವುದೆಂದಿಟ್ಟುಕೊಂಡರೆ ಚೂರು ಮೇಲೆ ಬರಲು 50 ನಿಮಿಷ ಬೇಕು. ಗಂಟೆಗೆ 12 ಮೀಟರ್ ಕೊರೆಯುತ್ತಿದ್ದರೆ ಅಷ್ಟರಲ್ಲಿ ಮೊನೆಯು 2010 ಮೀಟರಿಗೆ ಇಳಿದಿರುತ್ತದೆ. ಇದನ್ನು ಲೆಕ್ಕಿಸದವನು ಒಂದು ಪದರದ ಗುಣವನ್ನು ಇನ್ನೊಂದರ ಮೇಲೆ ಆರೋಪಿಸುವನು. ಹೇತ್ವಾಭಾಸಗಳೂ ಇಲ್ಲದಿಲ್ಲ. ಮೇಲಣ ಗೋಡೆಯಿಂದ ಕಳಚಿಬಿದ್ದ ಚೂರು ಆಳದ್ದೆಂದು ತೋರಬಹುದು. ನೇರಳಾತೀತ ಬೆಳಕಿನಲ್ಲಿ ತೈಲವು ಹೊಳೆಯುವಂತೆ ಕೆಲವು ಖನಿಜಗಳೂ ಹೊಳೆಯುತ್ತವೆ. ಆದುದರಿಂದ ದ್ರಾವಕದಲ್ಲಿ ಅದ್ದಿ, ಹೊಳಪು ಕರಗಿ ಹರಿಯುವುದೇ ಎಂದು ಪರೀಕ್ಷಿಸಿದ ಮೇಲೆಯೇ ತೀರ್ಮಾನ. 1974ರಲ್ಲಿ 'ಸಾಗರ ಸಾಮ್ರಾಟ' ಎಂಬ ನೌಕೆಯು ಅರಬ್ಬೀ ಸಮುದ್ರದ ತಳವನ್ನು ಕೊರೆದು, ಮುಂದೆ ಬಾಂಬೆ ಹೈ ಎಂದು ಪ್ರಸಿದ್ಧವಾದ ತೈಲಕ್ಷೇತ್ರವನ್ನು ಪತ್ತೆಹಚ್ಚಿತು.

ಬೆಂಗಳೂರಿನ ನೆಲದಲ್ಲಿ ತೈಲವಿಲ್ಲ. ತೈಲವು ಜೀವಾವಶೇಷಗಳು ಹೂತ ಪದರುಶಿಲೆಗಳ ಸೀಮೆಯದು. ಇಲ್ಲಿಯದಾದರೋ ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯ, ಶಾಖ ಒತ್ತಡಗಳಿಂದ ರೂಪಾಂತರಗೊಂಡ ನೈಸ್ ಶಿಲೆ. ಜಯನಗರದ ನೆರೆಯ ಲಾಲ್‌ಬಾಗಿನ ಬಂಡೆಯೇ ಅದರ ಪ್ರತ್ಯಕ್ಷ ರೂಪ. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಗಿದೆ. ಈ ಶಿಲೆಯಲ್ಲಿ ಜನರು ಅರಸುವುದು ನೀರನ್ನು. ಜಯನಗರ, ಜೆ.ಪಿ. ನಗರ, ಬನಶಂಕರಿಗಳ ಬೀದಿಗಳಲ್ಲಿ ಕೊಳವೆಬಾವಿಯ ಲಾರಿ ನಿಂತಾಗ ರಾಶಿಬೀಳುವ ಪುಡಿಯೂ ಒಂದು ಸಾಕ್ಷ್ಯವೇ. ಇಲ್ಲಿ ಕೆಸರಿನ ಬದಲು ಒತ್ತಿದ ಗಾಳಿಯು ಚೂರುಗಳನ್ನು ಮೇಲೆತ್ತುವುದು. ಮೊದಲು ಕೆಮ್ಮಣ್ಣು, ಅನಂತರ ಶಿಥಿಲಶಿಲೆಯ ಹುಡಿ, ಆಮೇಲೆ ಬೆಣಚು, ಫೆಲ್ಡ್‌ಸ್ಪಾರ್, ಕಾಗೆಬಂಗಾರಗಳು ಬೆರೆತ ಬೂದುಬಣ್ಣದ ಪುಡಿ ಬರುವುದು. ಕಪ್ಪು ಪುಡಿ ಬಂದರೆ ಅಡ್ಡಹಾಯ್ದ ಕರಿಕಲ್ಲಿನ ಪಟ್ಟಿಯನ್ನು ಶಂಕಿಸಬೇಕು. ಚೂರಿನ ಮೈಯಲ್ಲಿ ತುಕ್ಕಿನ ಕಲೆಯಿದ್ದರೆ ಅಲ್ಲಿ ಬಿರುಕಿದ್ದು ಎಂದೋ ನೀರು ಹರಿದಿರಬೇಕೆಂದು ಊಹಿಸಬಹುದು. ಆದರೆ ಹರಿದ ನೀರು ಇಂದೂ ಇದೆಯೆಂಬುದಕ್ಕೆ ಆ ಕಲೆಯೊಂದೇ ಸಾಲದು. ಬಹು ಆಳದವರೆಗೂ ಕಲೆಯಿಲ್ಲದ ಒಣಪುಡಿಯೇ ಬರುತ್ತಿದ್ದರೆ ನಿಲ್ಲಿಸುವುದು ವಿವೇಕ.

ಈ ವಿವೇಕದ ಬೆಲೆ ಸಣ್ಣದಲ್ಲ. ನೆರೆಯಲ್ಲಿ ನೀರು ಬಂತೆಂಬ ಮಾತನ್ನೇ ನಂಬಿ, ಪುಡಿಯನ್ನು ಚರಂಡಿಗೆ ತಳ್ಳಿ, ಇನ್ನೂ ನೂರಡಿ ಎಂದು ಕೊರೆಯಿಸುತ್ತ ಕೂಡಿಟ್ಟ ಹಣವನ್ನು ಕಳೆದುಕೊಂಡ ಗೃಹಸ್ಥರು ಕಡಿಮೆಯಲ್ಲ. 2024ರ ಬೇಸಗೆಯಲ್ಲಿ ನಗರದ ಸಾವಿರಾರು ಕೊಳವೆಬಾವಿಗಳು ಬತ್ತಿದವು. ಬಿ.ಟಿ.ಎಂ. ಬಡಾವಣೆಯ ಹೆಸರಿನ ಮೂರು ಅಕ್ಷರಗಳು ಬೈರಸಂದ್ರ, ತಾವರೆಕೆರೆ, ಮಡಿವಾಳಗಳನ್ನು ಸೂಚಿಸುವವು. ಕೆರೆಯ ಹೆಸರು ಅಕ್ಷರದಲ್ಲಿ ಉಳಿದರೆ ಸಾಲದು. ಮಳೆಯ ನೀರು ನೆಲಕ್ಕಿಳಿಯಲು ಎಡೆಯಿಲ್ಲದಿದ್ದರೆ ಶಿಲೆಯ ಬಿರುಕು ಬರಿದಾಗಿಯೇ ಇರುವುದು. ನೀರು ಸಿಗದ ಬಾವಿಯನ್ನು ಬಾಯ್ತೆರೆದು ಬಿಡುವುದಂತೂ ಮಹಾಪರಾಧ. ಎಳೆಯ ಮಕ್ಕಳು ಬಿದ್ದು ಸತ್ತ ಘಟನೆಗಳ ಅನಂತರ 2010ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಂಥವನ್ನು ಮುಚ್ಚುವ ಬಗೆಗೆ ನಿಯಮಗಳನ್ನು ವಿಧಿಸಿತು.

ಶಾಲೆಗಳು ಇಲ್ಲಿ ಮಾಡಬಹುದಾದ ಕಾರ್ಯ ಸುಲಭವಾದುದು. ನೆರೆಹೊರೆಯಲ್ಲಿ ಬಾವಿ ಕೊರೆಯುವಾಗ ಪ್ರತಿ ಹತ್ತಡಿಗೊಮ್ಮೆ ಹಿಡಿಯಷ್ಟು ಚೂರನ್ನು ಕೆಲಸಗಾರರಿಂದ ಪಡೆದು, ತೊಳೆದು, ಒಣಗಿಸಿ, ಆಳವನ್ನೂ ದಿನಾಂಕವನ್ನೂ ಬರೆದ ಡಬ್ಬಿಗಳಲ್ಲಿ ಇಡಬೇಕು. ನೀರು ಎಷ್ಟು ಅಡಿಗೆ ಬಂತು, ಬಾರದೆ ಹೋಯಿತೇ ಎಂಬುದನ್ನೂ ಬರೆಯಬೇಕು. ವ್ಯರ್ಥವಾದ ಬಾವಿಯ ದಾಖಲೆಯೇ ಹೆಚ್ಚು ಉಪಕಾರಿ, ಏಕೆಂದರೆ ಅದು ಮುಂದಿನವನ ವೆಚ್ಚವನ್ನು ಉಳಿಸುತ್ತದೆ. ಉಪಾಧ್ಯಾಯರು ಇದನ್ನು ಕೈಗೊಂಡರೆ, ಪೂರ್ವವಿದ್ಯಾರ್ಥಿಗಳೂ ದಾನಿಗಳೂ ತಮ್ಮ ಮನೆಯಂಗಳದ ಚೂರುಗಳನ್ನು ತಂದು ಕೊಟ್ಟರೆ, ಕೆಲವೇ ವರ್ಷಗಳಲ್ಲಿ ಬಡಾವಣೆಯ ನೆಲದೊಳಗಿನ ಚಿತ್ರವೊಂದು ಶಾಲೆಯ ಕಪಾಟಿನಲ್ಲಿ ಸಿದ್ಧವಾಗುವುದು. ಧನದಾನದಷ್ಟೇ ಇದೂ ದಾನವೇ. ಹಿಡಿ ಪುಡಿಯನ್ನು ಪರೀಕ್ಷಿಸಿ, ತೋರಿದಷ್ಟನ್ನೇ ಹೇಳುವ ಶಿಸ್ತನ್ನು ಬಾಲಕರು ಕಲಿತರೆ, ಅದು ನೆಲದ ವಿಷಯದಲ್ಲಿ ಮಾತ್ರವಲ್ಲದೆ ಬಾಳಿನ ಎಲ್ಲ ನಿರ್ಣಯಗಳಲ್ಲಿಯೂ ಅವರಿಗೆ ನೆರವಾಗುವುದು.